ಕಂಪ್ಯೂಟರ್ ಕಟ್ಟೆ: ರಾತ್ರಿ ಎರಡಕ್ಕೆ ಬಾಗಿಲು ಬಡಿದವರು ಯಾರು?

ಈ ಸಲ ಐದು ಪತ್ರಗಳಿಗೆ ಉತ್ತರ ಬರೆದಿದ್ದೇನೆ. ಐದನ್ನೂ ಓದಿದ ಮೇಲೆ ನನಗೆ ಹಾಸನಾಂಬೆ ಗುಡಿ ನೆನಪಾಯಿತು. ಅಲ್ಲಿ ವರ್ಷಕ್ಕೊಮ್ಮೆ ಬಾಗಿಲು ತೆಗೆಯುತ್ತಾರೆ. ನಮ್ಮ ಆಫೀಸುಗಳಲ್ಲಿ ಈವೆಂಟ್ ವ್ಯೂವರ್ (ಕಂಪ್ಯೂಟರ್ ಬರೆದಿಟ್ಟ ದಾಖಲೆ, ಅಂದರೆ ಲಾಗ್, ತೋರಿಸುವ ವಿಂಡೋಸ್ ಪ್ರೋಗ್ರಾಂ) ತೆಗೆಯುವುದೂ ಹೆಚ್ಚುಕಡಿಮೆ ಅಷ್ಟೇ ಸಲ, ಅದೂ ಏನಾದರೂ ಎಡವಟ್ಟಾದ ಮೇಲೆ. ಒಳಗೆ ಯಾರು ಬಂದರು, ಏನು ಮುಟ್ಟಿದರು ಅಂತ ಕಂಪ್ಯೂಟರ್ ಪಾಪ ದಿನಾ ಬರೆದಿಡುತ್ತಲೇ ಇರುತ್ತದೆ.

ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಜೋಪಾನ.

ಪ್ರಶ್ನೆ: ಮೇಡಂ, ನಾನು ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಬಟವಾಡೆ ಲೆಕ್ಕ, ಕಾಫಿ ತೂಕ ಎಲ್ಲಾ ಒಂದೇ ಕಂಪ್ಯೂಟರಿನಲ್ಲಿದೆ. ವಿಂಡೋಸ್ 11. ಸಾಹುಕಾರರು ಬೆಂಗಳೂರಿನಲ್ಲಿದ್ದು, ಅಲ್ಲಿಂದಲೇ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ನೋಡುತ್ತಾರೆ. ಕಳೆದ ತಿಂಗಳು ಬೆಳಿಗ್ಗೆ ಎಂಟಕ್ಕೆ ಆಫೀಸ್ ತೆಗೆದರೆ ಅಕೌಂಟ್ ಲಾಕ್ ಆಗಿದೆ ಎಂದಿತು. ರಿಪೇರಿಗೆ ಬಂದ ಹುಡುಗ ಈವೆಂಟ್ ವ್ಯೂವರ್ ತೆಗೆದು ತೋರಿಸಿದ. 4625 ಅಂತ ಸಾವಿರಾರು ಸಾಲು, ರಾತ್ರಿ ಎರಡು ಗಂಟೆಯಿಂದ ಶುರು. ‘ಯಾರೋ ಟ್ರೈ ಮಾಡ್ತಿದಾರೆ’ ಅಂದ. ಪಾಸ್‌ವರ್ಡ್ ಬದಲಾಯಿಸಿ ಹೋದ. ಏನಿದು? ಆಗುತ್ತಿರುವಾಗಲೇ ನಮಗೆ ಗೊತ್ತಾಗುವ ಹಾಗೆ ಮಾಡಬಹುದಾ? (ರೈಟರ್, ಮೂಡಿಗೆರೆ ತಾಲ್ಲೂಕು)

ಉತ್ತರ: ರೈಟರೇ, ಗೊತ್ತಾಗುವ ಹಾಗೆ ಮಾಡೋಣ. ಅದಕ್ಕೂ ಮುಂಚೆ ಒಂದು ಕೆಲಸ ಇದೆ. ನಿಮ್ಮ ರೂಟರಿನಲ್ಲಿ 3389 ಎಂಬ ಪೋರ್ಟ್ ಅನ್ನು ಈ ಕಂಪ್ಯೂಟರಿಗೆ ಫಾರ್ವರ್ಡ್ ಮಾಡಿಟ್ಟಿರುತ್ತಾರೆ. ಅದನ್ನು ಇವತ್ತೇ ತೆಗೆಸಿ. ರಿಮೋಟ್ ಡೆಸ್ಕ್‌ಟಾಪ್ ಕೇಳಿಸಿಕೊಳ್ಳುವ ಬಾಗಿಲು ಅದು. ಅದನ್ನು ನೇರ ಇಂಟರ್ನೆಟ್‌ಗೆ ತೆರೆದಿಟ್ಟರೆ ಪ್ರಪಂಚದ ಎಲ್ಲಾ ಮೂಲೆಯ ಯಂತ್ರಗಳೂ ಬಂದು ಬಡಿಯುತ್ತವೆ. ನಿಮ್ಮ ಎಸ್ಟೇಟ್ ಅಂತ ಹುಡುಕಿಕೊಂಡು ಬಂದವರಲ್ಲ ಅವರು. ತೆರೆದ ಬಾಗಿಲು ಎಲ್ಲಿದೆ ಅಂತ ಸಾಲಾಗಿ ನೋಡುತ್ತಾ ಹೋಗುತ್ತಾರೆ, ಅಷ್ಟೆ. ಸಾಹುಕಾರರಿಗೆ ವಿಪಿಎನ್ (ಇಂಟರ್ನೆಟ್ ಮೇಲೆ ನಿಮ್ಮವರಿಗೆ ಮಾತ್ರ ಇರುವ ಖಾಸಗಿ ದಾರಿ) ಹಾಕಿಸಿಕೊಡಿ. ಮೊದಲು ವಿಪಿಎನ್, ಅದರ ಒಳಗಿನಿಂದ ರಿಮೋಟ್. ಒಂದು ಹೆಜ್ಜೆ ಜಾಸ್ತಿ ಅಂತ ಅವರು ಗೊಣಗಬಹುದು. ಗೊಣಗಲಿ.

ಇನ್ನೊಂದು ಮಾತು. ವಿಂಡೋಸ್ 11ರ ಈಚಿನ ಆವೃತ್ತಿಗಳನ್ನು ಹೊಸದಾಗಿ ಹಾಕಿದಾಗ ಹತ್ತು ಸಲ ತಪ್ಪು ಪಾಸ್‌ವರ್ಡ್ ಹೊಡೆದರೆ ಹತ್ತು ನಿಮಿಷ ಲಾಕ್ ಆಗುವ ನಿಯಮ ತಾನಾಗಿಯೇ ಇರುತ್ತದೆ. ನಿಮ್ಮದು ಬೆಳಿಗ್ಗೆ ಎಂಟಕ್ಕೂ ಲಾಕ್ ಆಗಿತ್ತು. ಅಂದರೆ ಎರಡಕ್ಕೆ ಶುರು ಮಾಡಿದವರು ಎಂಟಕ್ಕೂ ಬಿಟ್ಟಿರಲಿಲ್ಲ. ನೀವು ಬೀಗ ತೆಗೆಯುವಾಗಲೂ ಅವರು ಬಡಿಯುತ್ತಲೇ ಇದ್ದರು. ನಿಮ್ಮ ಹುಡುಗ ಪಾಸ್‌ವರ್ಡ್ ಬದಲಾಯಿಸಿದ್ದು ಸರಿ. ಬಾಗಿಲು ಹಾಗೇ ಬಿಟ್ಟು ಹೋದದ್ದು ಸರಿಯಲ್ಲ.

ಈಗ ಆ ನಂಬರಿಗೆ ಬರೋಣ. ವಿಂಡೋಸ್‌ನಲ್ಲಿ ‘ಸೆಕ್ಯುರಿಟಿ’ ಎಂಬ ಒಂದು ಲಾಗ್ ಇದೆ. ನಿಮ್ಮ ಚೆಕ್‌ರೋಲ್ ಇದ್ದ ಹಾಗೆ ಅಂದುಕೊಳ್ಳಿ. ಒಳಗೆ ಬಂದರೆ 4624, ಬರಲು ಹೋಗಿ ಸೋತರೆ 4625. ಹಳೇ ಎಕ್ಸ್‌ಪಿ ಕಾಲದವರಿಗೆ 528, 529 ನೆನಪಿರಬಹುದು. ವಿಸ್ಟಾ ಬಂದಾಗ ಹಳೇ ನಂಬರುಗಳಿಗೆ 4096 ಕೂಡಿಸಿಬಿಟ್ಟರು. ಕೂಡಿಸಿ ನೋಡಿ, ಸರಿಯಾಗಿ ಬರುತ್ತದೆ.

ಒಂದು 4625 ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಉದ್ದದ ವಿವರ ಬರುತ್ತದೆ. ಎಲ್ಲಾ ಓದಬೇಡಿ, ಮೂರು ಜಾಗ ನೋಡಿ ಸಾಕು. ಮೊದಲನೆಯದು ಲಾಗಿನ್ ಟೈಪ್. 2 ಅಂದರೆ ಕೀಬೋರ್ಡ್ ಮುಂದೆ ಕೂತವರು. 7 ಅಂದರೆ ಲಾಕ್ ಆದ ಪರದೆ ತೆಗೆದವರು. 10 ಅಂದರೆ ರಿಮೋಟ್ ಡೆಸ್ಕ್‌ಟಾಪ್. 3 ಅಂದರೆ ನೆಟ್‌ವರ್ಕ್ ಮೂಲಕ. ಇಲ್ಲೊಂದು ಮೋಸ ಇದೆ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಸೋತವರು ಸಾಮಾನ್ಯವಾಗಿ 10 ಅಂತ ಅಲ್ಲ, 3 ಅಂತಲೇ ಕಾಣುತ್ತಾರೆ. ಈಗೆಲ್ಲಾ ಪರದೆ ತೆರೆಯುವುದಕ್ಕೆ ಮೊದಲೇ, ನೆಟ್‌ವರ್ಕ್ ಹಂತದಲ್ಲೇ ಪಾಸ್‌ವರ್ಡ್ ಕೇಳುತ್ತದಲ್ಲ, ಅದಕ್ಕೆ. ಎರಡನೆಯದು ಸೋರ್ಸ್ ಅಡ್ರೆಸ್. 192.168 ಅಂತ ಶುರುವಾದರೆ ಸಾಧಾರಣವಾಗಿ ನಿಮ್ಮ ಆಫೀಸಿನ ಒಳಗಿನದೇ ಯಾವುದೋ ಯಂತ್ರ. ಬೇರೆ ಏನಾದರೂ ಇದ್ದರೆ ಹೊರಗಿನದು ಇರಬಹುದು. ಮೂರನೆಯದು ಸಬ್ ಸ್ಟೇಟಸ್. ಅದರ ಕೊನೆಯಲ್ಲಿ 6ಎ ಇದ್ದರೆ ಹೆಸರು ಸರಿ, ಪಾಸ್‌ವರ್ಡ್ ತಪ್ಪು. 64 ಇದ್ದರೆ ಆ ಹೆಸರಿನವರೇ ಇಲ್ಲಿಲ್ಲ. ಸಾವಿರ ಸಾಲಿನಲ್ಲಿ 64 ತುಂಬಿದ್ದರೆ ಕತ್ತಲಲ್ಲಿ ಕಲ್ಲು ಹೊಡೆಯುತ್ತಿದ್ದಾರೆ. 6ಎ ಜಾಸ್ತಿ ಇದ್ದರೆ ನಿಮ್ಮ ಲಾಗಿನ್ ಹೆಸರು ಅವರಿಗೆ ಗೊತ್ತಾಗಿದೆ. ಆಗ ಹೆಸರನ್ನೂ ಬದಲಾಯಿಸಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಈವೆಂಟ್ ವ್ಯೂವರಿನಲ್ಲಿ ಯಾವುದೇ ಈವೆಂಟ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಅಟ್ಯಾಚ್ ಟಾಸ್ಕ್ ಟು ದಿಸ್ ಈವೆಂಟ್’ ಎಂದು ಬರುತ್ತದೆ. ಆ ನಂಬರಿನ ಈವೆಂಟ್ ಮತ್ತೆ ಬಿದ್ದ ಕೂಡಲೇ ಒಂದು ಕೆಲಸ ಮಾಡು ಎಂದು ಹೇಳಿಡಬಹುದು. ಅಲ್ಲಿ ‘ಇಮೇಲ್ ಕಳಿಸು’ ಎಂಬ ಆಯ್ಕೆ ಕಾಣುತ್ತದೆ. ಅದನ್ನು ನಂಬಬೇಡಿ, ವಿಂಡೋಸ್ 8ರ ಕಾಲಕ್ಕೇ ಕೈಬಿಟ್ಟಿದ್ದಾರೆ. ‘ಪ್ರೋಗ್ರಾಂ ಶುರು ಮಾಡು’ ಆಯ್ಕೆ ತೆಗೆದುಕೊಂಡು, ಟೆಲಿಗ್ರಾಂ ಬಾಟ್‌ಗೆ ಒಂದು ಸಾಲು ಕಳಿಸುವ ಪವರ್‌ಶೆಲ್ ಸ್ಕ್ರಿಪ್ಟ್ ಕೊಟ್ಟರೆ ಕೆಲವೇ ಸೆಕೆಂಡಿನಲ್ಲಿ ಮೊಬೈಲ್ ಟಿಂಗ್ ಎನ್ನುತ್ತದೆ. ಹತ್ತು ಸಾಲಿನ ಸ್ಕ್ರಿಪ್ಟ್ ಅದು. ನಿಮ್ಮ ಹುಡುಗನಿಗೆ ಈ ಪುಟ ತೋರಿಸಿ, ಮಾಡಿಕೊಡುತ್ತಾನೆ.

ಆದರೆ ಆ ಟಾಸ್ಕನ್ನು 4625ಕ್ಕೆ ಕಟ್ಟಬೇಡಿ. ನಾನು ಕಟ್ಟಿ ಪಾಠ ಕಲಿತವಳು.

ಕೆಲವು ವರ್ಷದ ಹಿಂದಿನ ಮಾತು. ಹಾಸನದಲ್ಲಿ ಒಂದು ಕಾಫಿ ಕ್ಯೂರಿಂಗ್ ಘಟಕದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಹೊಸ ಹುರುಪು. ಎಲ್ಲಾ ಸೋಲಿಗೂ, ಜೊತೆಗೆ ಇನ್ನೂ ಕೆಲವು ಈವೆಂಟ್‌ಗಳಿಗೂ ಮೆಸೇಜ್ ಬರುವ ಹಾಗೆ ಮಾಡಿದೆ. ಮೊದಲ ರಾತ್ರಿ ನಲವತ್ತು ಮೆಸೇಜ್. ಎದ್ದು ಕೂತು ಒಂದೊಂದೇ ನೋಡಿದೆ. ವಾರ ಕಳೆಯುವಷ್ಟರಲ್ಲಿ ರಾತ್ರಿಗೆ ಮುನ್ನೂರು. ನಮ್ಮ ಮನೆಯವರು ‘ಆ ಫೋನನ್ನ ಅಡಿಗೆಮನೇಲಿ ಇಡ್ತೀಯಾ ಇಲ್ವಾ’ ಅಂದರು. ಇಟ್ಟೆ. ಆಮೇಲೆ ಹುಡುಕಿದರೆ ಮುಕ್ಕಾಲು ಪಾಲು ಬರುತ್ತಿದ್ದದ್ದು ಒಳಗಿನದೇ ಒಂದು ಸ್ಕ್ಯಾನರಿನಿಂದ! ತೂಕದ ಚೀಟಿಗಳನ್ನು ಸ್ಕ್ಯಾನ್ ಮಾಡಿ ಶೇರ್ ಫೋಲ್ಡರಿಗೆ ಹಾಕುವ ಯಂತ್ರ. ನಾವು ಪಾಸ್‌ವರ್ಡ್ ಬದಲಾಯಿಸಿದ್ದೆವು, ಅದಕ್ಕೆ ಹೇಳಿರಲಿಲ್ಲ. ಪಾಪ, ಹಳೇ ಪಾಸ್‌ವರ್ಡನ್ನೇ ರಾತ್ರಿಯಿಡೀ ಹೇಳುತ್ತಾ ಕೂತಿತ್ತು.

ಫೋನ್ ಅಡಿಗೆಮನೆಯಲ್ಲಿದ್ದ ಒಂದು ರಾತ್ರಿ ಆ ಮುನ್ನೂರರ ನಡುವೆ ಒಂದು 1102 ಬಂದಿತ್ತು. 1102 ಅಂದರೆ ಸೆಕ್ಯುರಿಟಿ ಲಾಗನ್ನು ಯಾರೋ ಪೂರ್ತಿ ಅಳಿಸಿದರು ಎಂದರ್ಥ. ಅಳಿಸಿದರೂ ‘ಅಳಿಸಿದವರು ಇಂಥವರು’ ಎಂದು ಖಾಲಿ ಪುಟದ ಮೊದಲ ಸಾಲಿನಲ್ಲಿ ಬರೆದಿಡುತ್ತದೆ. ನಾನು ಅದನ್ನು ನೋಡಿದ್ದು ಬೆಳಿಗ್ಗೆ ಕಾಫಿ ಸೋಸುವಾಗ, ಆರು ಗಂಟೆ ತಡವಾಗಿ. ಕೈ ತಣ್ಣಗಾಯಿತು. ವಿಚಾರಿಸಿದರೆ ಕಳ್ಳ ಅಲ್ಲ. ಡಿಸ್ಕ್ ತುಂಬಿದೆ ಅಂತ ರಾತ್ರಿ ಪಾಳಿಯ ಹುಡುಗನೊಬ್ಬ ‘ಕ್ಲೀನ್’ ಮಾಡಿದ್ದ. ಕಳ್ಳನೇ ಆಗಿದ್ದರೆ ಅವನಿಗೆ ಆರು ಗಂಟೆ ಸಮಯ ಸಿಕ್ಕಿತ್ತು, ಅಲ್ವಾ?

ಸಕಲೇಶಪುರ, ಆಲೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆನೆ ಬಂದಿದೆ ಅಂತ ಅರಣ್ಯ ಇಲಾಖೆಯವರ ಮೆಸೇಜ್ ಬರುತ್ತದಲ್ಲ, ಅದರಲ್ಲಿ ನಮ್ಮೂರಿನ ಹೆಸರಿದ್ದರೆ ಎದ್ದು ಕೂರುತ್ತೇವೆ. ಇಡೀ ಜಿಲ್ಲೆಯ ಆನೆಗಳು ಎಲ್ಲೆಲ್ಲಿ ಮೇಯುತ್ತಿವೆ ಅಂತ ಗಂಟೆಗಂಟೆಗೂ ಕಳಿಸಿದರೆ ಮೂರನೇ ದಿನಕ್ಕೆ ಮ್ಯೂಟ್ ಮಾಡುತ್ತೇವೆ.

ಅದಕ್ಕೇ ಕೆಲವೇ ನಂಬರು ಆರಿಸಿಕೊಳ್ಳಿ. ಸೋಲುಗಳಿಗೆ ಬದಲಾಗಿ 4740, ಅಂದರೆ ಅಕೌಂಟ್ ಲಾಕ್ ಆಯಿತು ಎಂಬುದು. ಹತ್ತು ಸೋಲು ಸೇರಿದರೆ ಒಂದು 4740. ಎಣಿಸುವ ಕೆಲಸ ವಿಂಡೋಸೇ ಮಾಡಿಕೊಡುತ್ತದೆ, ನಿಮಗೆ ಒಂದೇ ಮೆಸೇಜ್. ಬಾಗಿಲು ಮುಚ್ಚಿಸಿದ ಮೇಲೆ ಇದು ಬರಲೇಬಾರದು. ಬಂದರೆ ಎದ್ದು ನೋಡುವಂಥದ್ದೇ. ಜೊತೆಗೆ 1102. ಆಮೇಲೆ 4720, ಹೊಸ ಅಕೌಂಟ್ ಹುಟ್ಟಿತು ಎಂಬುದು. 4732, ಒಬ್ಬರನ್ನು ಗುಂಪಿಗೆ ಸೇರಿಸಿದರು ಎಂಬುದು. ಗುಂಪಿನ ಹೆಸರು ಅಡ್ಮಿನಿಸ್ಟ್ರೇಟರ್ಸ್ ಆಗಿದ್ದರೆ ಚಪ್ಪಲಿ ಮೆಟ್ಟಿಕೊಂಡು ಆಫೀಸಿಗೆ ನಡೆಯಿರಿ. 4719 ಅಂದರೆ ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂಬ ನಿಯಮವನ್ನೇ ತಿದ್ದಿದ್ದಾರೆ. ನಿಮ್ಮಂಥ ಆಫೀಸಿನಲ್ಲಿ ಈ ಐದೂ ಸೇರಿ ತಿಂಗಳಿಗೆ ಒಂದೋ ಎರಡೋ ಬೀಳಬೇಕು. ಜಾಸ್ತಿ ಬಂದರೆ ನನಗೆ ಇನ್ನೊಂದು ಪತ್ರ ಬರೆಯಿರಿ.

ಮಳೆಗಾಲದಲ್ಲಿ ನೆಟ್ ಹೋದರೆ ಮೆಸೇಜ್ ಬರುವುದಿಲ್ಲ ಅಂತ ಕೇಳುತ್ತೀರಿ, ಗೊತ್ತು. ನೆಟ್ ಇಲ್ಲದಾಗ ಹೊರಗಿನವರೂ ಬರಲಾರರು. ಒಳಗಿನವರು ಬರಬಹುದು. ಅದಕ್ಕೆ ನಿಮ್ಮ ಆಫೀಸ್ ಬೀಗವೇ ಗತಿ.

ಪ್ರಶ್ನೆ: ನಮ್ಮದು ಬೇಲೂರು ತಾಲ್ಲೂಕಿನ ಒಂದು ಕೃಷಿ ಪತ್ತಿನ ಸಹಕಾರ ಸಂಘ. ಐದು ಕಂಪ್ಯೂಟರ್ ಇವೆ. ಸಾಫ್ಟ್‌ವೇರ್ ನೋಡಲು ಬಂದವರೊಬ್ಬರು ‘ಆಡಿಟ್ ಲಾಗ್ 180 ದಿನದ್ದು ಇರಬೇಕು’ ಅಂದರು. ತೆಗೆದು ನೋಡಿದರೆ ಒಂಬತ್ತು ದಿನದ್ದು ಮಾತ್ರ ಇದೆ. ನಾವೇನೂ ಅಳಿಸಿಲ್ಲ. ಆಡಿಟ್ ಅಂದರೆ ನಮಗೆ ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧಕರು ಬರುವುದಷ್ಟೇ ಗೊತ್ತು. (ಕಾರ್ಯದರ್ಶಿ)

ಉತ್ತರ: ಹೆದರಬೇಡಿ, ಇದು ಆ ಆಡಿಟ್ ಅಲ್ಲ. ಇದರಲ್ಲಿ ಬಿಸ್ಕತ್ತು, ಟೀ ತರಿಸುವ ಖರ್ಚೂ ಇಲ್ಲ.

180 ದಿನ ಅಂದದ್ದು ಸುಮ್ನೆ ಅಲ್ಲ. ಸೈಬರ್ ಅವಘಡಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್‌-ಇನ್ 2022ರ ಏಪ್ರಿಲ್ 28ರಂದು ಒಂದು ನಿರ್ದೇಶನ ಹೊರಡಿಸಿತು. ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು. ಅವಘಡ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ಇದು ಸರ್ಕಾರಿ ಕಚೇರಿ, ಕಂಪನಿ, ಡೇಟಾ ಸೆಂಟರ್ ಇಂಥವರಿಗೆಲ್ಲ ಅನ್ವಯ. ಜನರ ದುಡ್ಡು ಇಟ್ಟುಕೊಂಡ ನೀವು, ನಮಗೂ ಅನ್ವಯ ಎಂದುಕೊಂಡೇ ನಡೆಯುವುದು ಕ್ಷೇಮ. ಆ ಆರು ಗಂಟೆಯನ್ನು ಗಮನಿಸಿ. ವಾರಕ್ಕೊಮ್ಮೆ ಲಾಗ್ ನೋಡುತ್ತೇವೆ ಎನ್ನುವವರಿಗೆ ಅವಘಡ ಗೊತ್ತಾಗುವುದೇ ವಾರ ಕಳೆದ ಮೇಲೆ.

ಒಂಬತ್ತು ದಿನ ಯಾಕೆ ಅಂದರೆ, ವಿಂಡೋಸ್ ಈ ಲಾಗಿಗೆ ಕೊಡುವ ಜಾಗ ಮೊದಲಿಗೆ 20 ಎಂಬಿ ಮಾತ್ರ. ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತದೆ. ಲೆಕ್ಕ ನೀವೇ ಹಾಕಿ. 20 ಎಂಬಿಗೆ ಒಂಬತ್ತು ದಿನ ಆದರೆ 180 ದಿನಕ್ಕೆ ಇಪ್ಪತ್ತು ಪಟ್ಟು, ಅಂದರೆ 400 ಎಂಬಿ. ಒಂದು ಜಿಬಿ ಕೊಟ್ಟುಬಿಡಿ. ಸೆಕ್ಯುರಿಟಿ ಲಾಗ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ಗರಿಷ್ಠ ಗಾತ್ರ. ಕೆಳಗೆ ಮೂರು ಆಯ್ಕೆ ಇವೆ. ‘ತುಂಬಿದರೆ ಆರ್ಕೈವ್ ಮಾಡು’ ಎಂಬುದನ್ನು ಆರಿಸಿ, ತಿಂಗಳಿಗೊಮ್ಮೆ ಆ ಫೈಲುಗಳನ್ನು ಬೇರೆ ಡ್ರೈವಿಗೆ ತೆಗೆದಿಡಿ. ‘ಮೇಲೆ ಬರೆಯಬೇಡ’ ಎಂಬ ಆಯ್ಕೆ ಮಾತ್ರ ಬೇಡ. ತುಂಬಿದ ಮೇಲೆ ಹೊಸದನ್ನು ಬರೆಯುವುದನ್ನೇ ನಿಲ್ಲಿಸುತ್ತದೆ. ‘ಬರೆಯಲು ಆಗದಿದ್ದರೆ ಯಂತ್ರವನ್ನೇ ನಿಲ್ಲಿಸು’ ಎಂಬ ಇನ್ನೊಂದು ನಿಯಮವೂ ವಿಂಡೋಸ್‌ನಲ್ಲಿದೆ. ಎರಡನ್ನೂ ಸೇರಿಸಿ ಹಾಕಿಟ್ಟರೆ ಸಾಲ ವಿತರಣೆಯ ದಿನ, ಹೊರಗೆ ರೈತರು ಸಾಲಾಗಿ ನಿಂತಿರುವಾಗ, ಕಂಪ್ಯೂಟರ್ ಕಣ್ಣು ಮುಚ್ಚುತ್ತದೆ.

ಈಗ ನೀವು ಕೇಳದ ಒಂದು ಪ್ರಶ್ನೆ. ಐದು ಕಂಪ್ಯೂಟರಿನಲ್ಲೂ ಎಲ್ಲರೂ ‘ಅಡ್ಮಿನ್’ ಎಂಬ ಒಂದೇ ಹೆಸರಿನಲ್ಲಿ ಕೂರುತ್ತೀರಿ, ಹೌದೋ ಅಲ್ಲವೋ? ನಾನು ಕಂಡ ಹತ್ತು ಸಂಘಗಳಲ್ಲಿ ಎಂಟರಲ್ಲಿ ಹೀಗೇ. ಹಾಗಿದ್ದರೆ 180 ದಿನ ಅಲ್ಲ, 180 ವರ್ಷದ ಲಾಗ್ ಇಟ್ಟರೂ ಉಪಯೋಗ ಇಲ್ಲ. ಹಾಜರಿ ಪುಸ್ತಕದಲ್ಲಿ ಐದೂ ಜನ ಒಬ್ಬನದೇ ಸಹಿ ಹಾಕಿದ ಹಾಗೆ. ಒಬ್ಬೊಬ್ಬರಿಗೂ ಒಂದೊಂದು ಲಾಗಿನ್ ಮಾಡಿ. ದಿನದ ಕೆಲಸದ ಲಾಗಿನ್‌ಗೆ ಅಡ್ಮಿನ್ ಅಧಿಕಾರ ಬೇಡ. ಜಗಳ ಆಗುತ್ತದೆ, ಆಗಲಿ.

ಫೋಲ್ಡರಿನಲ್ಲಿ ಯಾರು ಕೈಯಾಡಿಸಿದರು ಎಂದು ಗೊತ್ತಾಗಬೇಕಾದರೆ 4663 ಬೇಕು. ಅದಕ್ಕೆ ಎರಡು ಕಡೆ ಆನ್ ಮಾಡಬೇಕು. ಒಂದು, ಆಡಿಟ್ ಪಾಲಿಸಿಯಲ್ಲಿ ಫೈಲ್ ಸಿಸ್ಟಂ. ಎರಡು, ಆ ಫೋಲ್ಡರಿನ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್‌ಡ್, ಆಡಿಟಿಂಗ್. ಬಹಳ ಜನ ಮೊದಲನೆಯದನ್ನು ಮಾಡಿ, ಎರಡನೆಯದನ್ನು ಮರೆತು, ‘ಏನೂ ಬರ್ತಿಲ್ಲ’ ಅಂತ ಫೋನ್ ಮಾಡುತ್ತಾರೆ. ಸಾಲದ ಕಡತಗಳ ಫೋಲ್ಡರಿಗೆ ಮಾತ್ರ ಹಾಕಿ. ಇಡೀ ಸಿ ಡ್ರೈವಿಗೆ ಹಾಕಿದರೆ ನಿಮ್ಮ ಒಂದು ಜಿಬಿ ಮಧ್ಯಾಹ್ನದೊಳಗೆ ಖಾಲಿ.

ಐದು ಕಂಪ್ಯೂಟರ್ ಇದ್ದ ಮೇಲೆ ಲಾಗಿನ ಪ್ರತಿ ಇನ್ನೊಂದು ಕಡೆ ಬಂದು ಬೀಳುವ ಹಾಗೆ ಮಾಡುವುದು ಒಳ್ಳೆಯದು. ವಿಂಡೋಸ್‌ನಲ್ಲೇ ಈವೆಂಟ್ ಫಾರ್ವರ್ಡಿಂಗ್ ಇದೆ, ಬೇರೆ ದುಡ್ಡು ಕೊಡಬೇಕಿಲ್ಲ. ಎಲ್ಲರದ್ದೂ ನಿಮ್ಮ ಟೇಬಲಿನ ಯಂತ್ರಕ್ಕೆ ಬರಲಿ. ಅದರಲ್ಲಿ ‘ನಾರ್ಮಲ್’ ಅಂತ ಬಿಟ್ಟರೆ ಸುದ್ದಿ ಬರಲು 15 ನಿಮಿಷದವರೆಗೆ ತಡವಾಗಬಹುದು. ‘ಮಿನಿಮೈಸ್ ಬ್ಯಾಂಡ್‌ವಿಡ್ತ್’ ಅಂದರೆ 6 ಗಂಟೆ! ‘ಮಿನಿಮೈಸ್ ಲೇಟೆನ್ಸಿ’ ಅಂದರೆ 30 ಸೆಕೆಂಡು. ಕೊನೆಯದನ್ನು ಹಾಕಿಸಿ. ಡೊಮೇನ್ (ಎಲ್ಲಾ ಯಂತ್ರಗಳನ್ನೂ ಒಂದೇ ಸರ್ವರಿನಿಂದ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದ ಆಫೀಸಿನಲ್ಲಿ ಸರ್ಟಿಫಿಕೇಟ್ ಮಾಡುವ ತಲೆನೋವು ಇದೆ. ತಿಳಿದವರನ್ನು ಕರೆಸಿ ಮಾಡಿಸಿ, ಒಂದು ದಿನದ ಕೆಲಸ.

ಪ್ರತಿ ಬೇರೆ ಕಡೆ ಯಾಕೆ ಅಂದರೆ, ಒಳಗೆ ಬಂದವನು ಮೊದಲು ಕೈ ಹಾಕುವುದೇ ಲಾಗಿಗೆ. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿಯನ್ನು ಕಂಪ್ಯೂಟರ್ ನೋಡಿಕೊಳ್ಳಲು ಹಾಕಿದ್ದರು. ಕಂಪ್ಯೂಟರ್ ಬಳಕೆಯ ಬಿಲ್ಲಿನಲ್ಲಿ 75 ಸೆಂಟ್ ತಾಳೆಯಾಗಲಿಲ್ಲ. ಮುಕ್ಕಾಲು ಡಾಲರ್! ನಮ್ಮಲ್ಲಾದರೆ ರೌಂಡ್ ಆಫ್ ಮಾಡಿ ಮುಗಿಸುತ್ತಿದ್ದೆವು. ಅವರು ಬಿಡಲಿಲ್ಲ. ಹೊರಗಿನಿಂದ ಬರುವ ಫೋನ್ ಲೈನುಗಳಿಗೆ ಪ್ರಿಂಟರುಗಳನ್ನು ಕಟ್ಟಿದರು. ನುಸುಳಿ ಬಂದವನು ಒತ್ತಿದ ಒಂದೊಂದು ಅಕ್ಷರವೂ ಆ ಕ್ಷಣವೇ ಕಾಗದದ ಮೇಲೆ ಬಿತ್ತು. ಅವನು ಕಂಪ್ಯೂಟರಿನ ಒಳಗೆ ಏನು ಬೇಕಾದರೂ ಅಳಿಸಬಹುದಿತ್ತು. ಹೊರಗಿದ್ದ ಕಾಗದವನ್ನು ಅಳಿಸುವುದು ಹೇಗೆ? ಜಾಡು ಹಿಡಿದು ಹೋದರೆ ಅವನು ಜರ್ಮನಿಯ ಹ್ಯಾನೋವರಿನಲ್ಲಿ ಕೂತಿದ್ದ. ನಿಮ್ಮ ಟೇಬಲಿನ ಯಂತ್ರ ಆ ಪ್ರಿಂಟರ್ ಇದ್ದ ಹಾಗೆ. ಅದರ ಪಾಸ್‌ವರ್ಡ್ ಬೇರೆಯದೇ ಇರಲಿ.

ಪ್ರಶ್ನೆ: ಮೇಡಂ, ಹಾಸನದಲ್ಲಿ ಇಂಜಿನಿಯರಿಂಗ್ ಏಳನೇ ಸೆಮ್. ಲಿನಕ್ಸ್ ಆಡಿಟ್ ಈವೆಂಟ್‌ಗಳನ್ನು ಲೈವ್ ಆಗಿ ತೋರಿಸುವ ಡ್ಯಾಶ್‌ಬೋರ್ಡ್ ನಮ್ಮ ಪ್ರಾಜೆಕ್ಟ್. ಆಡಿಟ್ ಲಾಗ್ ಫೈಲಿಗೆ ಟೇಲ್ ಮೈನಸ್ ಎಫ್ (ಹೊಸದಾಗಿ ಸೇರುವ ಸಾಲುಗಳನ್ನು ತೋರಿಸುತ್ತಾ ಹೋಗುವ ಕಮಾಂಡ್) ಹಾಕಿ ಪೈಥಾನ್‌ಗೆ ಕೊಟ್ಟಿದ್ದೇವೆ. ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಸುಮ್ಮನಾಗುತ್ತದೆ. ಎರರ್ ಏನೂ ಬರಲ್ಲ. ಇನ್ನೊಂದು, ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿ ಮಾಡಿದ್ದೆಲ್ಲ ರೂಟ್, ಅಂದರೆ ಅಡ್ಮಿನ್, ಅಂತಲೇ ಬರುತ್ತದೆ. ಮುಂದಿನ ವಾರ ಡೆಮೊ ಇದೆ. (ವಿದ್ಯಾರ್ಥಿನಿ)

ಉತ್ತರ: ಡೆಮೊ ಇರುವ ವಾರವೇ ಎಲ್ಲರಿಗೂ ನನ್ನ ನೆನಪಾಗುತ್ತದೆ. ಇರಲಿ ಪುಟ್ಟಿ.

ಮೊದಲನೆಯದು ಸುಲಭ. ಲಿನಕ್ಸ್‌ನಲ್ಲಿ ಆಡಿಟ್ ಲಾಗ್ ಬರೆಯುವ ಪ್ರೋಗ್ರಾಂ ಆಡಿಟ್‌ಡಿ ತನ್ನ ಫೈಲ್ 8 ಎಂಬಿ ಆದ ಕೂಡಲೇ ಅದರ ಹೆಸರಿನ ಹಿಂದೆ 1 ಸೇರಿಸಿ ಪಕ್ಕಕ್ಕೆ ಸರಿಸಿ, ಹೊಸ ಫೈಲ್ ಶುರು ಮಾಡುತ್ತದೆ. ನಿನ್ನ ಸಣ್ಣ ಎಫ್ ಹಳೇ ಫೈಲನ್ನೇ ಹಿಡಿದುಕೊಂಡು ಕೂತಿರುತ್ತದೆ. ಬಸ್ಸು ಬೇರೆ ಪ್ಲಾಟ್‌ಫಾರಂಗೆ ಹೋಯಿತು, ನೀನು ಇಲ್ಲೇ ಕಾಯುತ್ತಿದ್ದೀಯ. ದೊಡ್ಡ ಎಫ್ ಹಾಕು, ಅದು ಹೆಸರನ್ನು ಹಿಂಬಾಲಿಸುತ್ತದೆ. ಡೆಮೊಗೆ ಅಷ್ಟು ಸಾಕು.

ಆದರೆ ಫೈಲ್ ಓದುವುದು ಸರಿಯಾದ ದಾರಿಯೇ ಅಲ್ಲ. ಆಡಿಟ್‌ಡಿ ಕೆಳಗೆ ಪ್ಲಗಿನ್‌ಗಳಿವೆ. ಅದರಲ್ಲಿ ಎಎಫ್ ಯೂನಿಕ್ಸ್ ಎಂಬುದನ್ನು ಆನ್ ಮಾಡಿದರೆ ಕರ್ನಲ್‌ನಿಂದ (ಲಿನಕ್ಸ್‌ನ ತಿರುಳು ಅದು) ಬಂದ ಈವೆಂಟ್ ನೇರ ಒಂದು ಸಾಕೆಟ್‌ಗೆ, ಅಂದರೆ ಪ್ರೋಗ್ರಾಂಗಳು ಮಾತಾಡಿಕೊಳ್ಳುವ ಕಿಂಡಿಗೆ, ಬರುತ್ತದೆ. ಪೈಥಾನ್‌ನಿಂದ ಆ ಸಾಕೆಟ್‌ಗೆ ಕನೆಕ್ಟ್ ಆಗು. ಫೈಲ್ ಸರಿಸುವ ರಗಳೆಯೇ ಇಲ್ಲ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನಲ್ಲಿ ಇದಕ್ಕೆಂದೇ ಆಡಿಟ್‌ಪೈಪ್ ಎಂಬ ಡಿವೈಸ್ ಇದೆ. ಲೈವ್ ಆಗಿ ನೋಡಲು ಪ್ರಾಡಿಟ್ ಎಂಬ ಕಮಾಂಡಿಗೆ ಅದನ್ನು ಕೊಟ್ಟರೆ ಆಯಿತು. ಸಮಯ ಇದ್ದರೆ ಓದಿಕೋ, ವೈವಾದಲ್ಲಿ ಹೇಳಲು ಚೆನ್ನಾಗಿರುತ್ತದೆ.

ಒಂದು ಈವೆಂಟ್ ಅಂದರೆ ಒಂದು ಸಾಲು ಅಂದುಕೊಂಡಿದ್ದೀಯೋ ಏನೋ. ಅಲ್ಲ. ಒಂದೇ ಘಟನೆಗೆ ಸಿಸ್‌ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಕೇಳಿದ ಕೆಲಸ) ಒಂದು ಸಾಲು, ಯಾವ ಫೋಲ್ಡರ್ ಅಂತ ಒಂದು, ಯಾವ ಫೈಲ್ ಅಂತ ಒಂದು, ಕಮಾಂಡ್ ಒಂದು. ಎಲ್ಲದರಲ್ಲೂ ಸಮಯದ ಪಕ್ಕ ಒಂದೇ ಕ್ರಮಸಂಖ್ಯೆ ಇರುತ್ತದೆ. ಅದನ್ನು ನೋಡಿ ಒಟ್ಟುಗೂಡಿಸಬೇಕು. ಕಮಾಂಡ್ ಒಮ್ಮೊಮ್ಮೆ ಹೆಕ್ಸ್‌ನಲ್ಲಿ ಬರುತ್ತದೆ. ಎಯೂಸರ್ಚ್ ಕಮಾಂಡಿಗೆ ಮೈನಸ್ ಐ ಹಾಕಿದರೆ ಓದುವ ಹಾಗೆ ಬಿಡಿಸಿಕೊಡುತ್ತದೆ.

ಸುಡೋ ವಿಷಯಕ್ಕೆ ಬಾ. ನೀನು ಯುಐಡಿ (ಆ ಕ್ಷಣ ಯಾರ ಹೆಸರಿನಲ್ಲಿ ಕೆಲಸ ನಡೆಯುತ್ತಿದೆ ಎಂಬ ಗುರುತು) ನೋಡುತ್ತಿದ್ದೀಯ. ಅದೇ ಸಾಲಿನಲ್ಲಿ ಎಯುಐಡಿ ಅಂತ ಇನ್ನೊಂದಿದೆ, ಅದನ್ನು ನೋಡು. ಮೊದಲು ಲಾಗಿನ್ ಆದವರ ಗುರುತು ಅದು. ಆಮೇಲೆ ಸುಡೋ ಹಾಕಲಿ, ಎಸ್‌ಯೂ ಹಾಕಲಿ, ಅದು ಬದಲಾಗುವುದಿಲ್ಲ. ನಮ್ಮ ಕಡೆ ಮದುವೆಯಾಗಿ ಇಪ್ಪತ್ತು ವರ್ಷ ಆದರೂ ‘ಎಲ್ಲಿಯ ಹೆಣ್ಣು’ ಅಂತಲೇ ಕೇಳುತ್ತಾರಲ್ಲ, ಹಾಗೆ. 4294967295 ಅಂತ ಉದ್ದದ ಸಂಖ್ಯೆ ಬಂದರೆ ಗಾಬರಿಯಾಗಬೇಡ. ಯಾರೂ ಲಾಗಿನ್ ಆಗಿ ಮಾಡಿದ್ದಲ್ಲ, ಯಂತ್ರ ತಾನಾಗಿ ಶುರು ಮಾಡಿದ ಕೆಲಸ ಎಂದು.

ಅರ್ಧ ಗಂಟೆಗೇ 8 ಎಂಬಿ ತುಂಬುತ್ತಿದೆ ಅಂದರೆ ನೀವು ಎಲ್ಲದಕ್ಕೂ ರೂಲ್ ಹಾಕಿದ್ದೀರಿ. ಮೇಲೆ ರೈಟರಿಗೆ ಬರೆದದ್ದನ್ನು ಓದು. ಪಾಸ್‌ವರ್ಡ್, ಶ್ಯಾಡೋ, ಸುಡೋಯರ್ಸ್ ಫೈಲುಗಳಿಗೆ ಬರೆಯುವುದನ್ನೂ ಅನುಮತಿ ಬದಲಿಸುವುದನ್ನೂ ಮಾತ್ರ ಕಾಯಿ. ಒಂದೊಂದು ರೂಲಿಗೂ ಒಂದು ಕೀ ಕೊಡು, ಹುಡುಕಲು ಸುಲಭ. ಆಡಿಟ್‌ಸಿಟಿಎಲ್ ಮೈನಸ್ ಎಸ್ ಹೊಡೆದು ‘ಲಾಸ್ಟ್’ ಎಂಬ ಸಂಖ್ಯೆ ನೋಡು. ಸೊನ್ನೆ ಇರಬೇಕು. ಇಲ್ಲವಾದರೆ ಕರ್ನಲ್ ಹೇಳಿದ್ದರಲ್ಲಿ ಅಷ್ಟು ಈವೆಂಟ್ ಯಾರಿಗೂ ಸಿಗದೆ ಬಿದ್ದುಹೋಗಿವೆ. ಆ ಸಂಖ್ಯೆಯನ್ನೂ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ತೋರಿಸು. ಬಣ್ಣಬಣ್ಣದ ಗ್ರಾಫ್ ಎಲ್ಲರೂ ಮಾಡುತ್ತಾರೆ, ನಾನಾದರೆ ಈ ಮೂಲೆಗೆ ಮಾರ್ಕ್ಸ್ ಕೊಡುತ್ತೇನೆ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಬಟ್ಟೆ ಅಂಗಡಿ ಇದೆ. ಬಿಲ್ಲಿಂಗ್ ಮಾಡುವ ಹುಡುಗಿ ಕಂಪ್ಯೂಟರಿನಲ್ಲಿ ಏನೇನು ಮಾಡುತ್ತಾಳೆ, ಯಾರ ಜೊತೆ ಚಾಟ್ ಮಾಡುತ್ತಾಳೆ ಅಂತ ಈ ಆಡಿಟ್‌ನಲ್ಲಿ ಲೈವ್ ಆಗಿ ನೋಡಬಹುದಾ? ಅವಳಿಗೆ ಗೊತ್ತಾಗಬಾರದು.

ಉತ್ತರ: ಆಗಲ್ಲ. ಎಷ್ಟು ಹೊತ್ತಿಗೆ ಲಾಗಿನ್ ಆದಳು, ಬೇಕೆಂದು ಆನ್ ಮಾಡಿದರೆ ಯಾವ ಪ್ರೋಗ್ರಾಂ ತೆಗೆದಳು (4688), ಇಷ್ಟು ಸಿಗುತ್ತದೆ. ಚಾಟ್‌ನಲ್ಲಿ ಏನು ಬರೆದಳು ಎಂಬುದು ಸಿಗುವುದಿಲ್ಲ, ಸಿಗಲೂಬಾರದು. ಲಾಗ್ ಇಡುವುದಾದರೆ ಅವಳಿಗೆ ಹೇಳಿಯೇ ಇಡಿ. ನಿಮ್ಮ ಲಾಗಿನ್‌ಗೂ ಅದೇ ನಿಯಮ ಇರಲಿ. ಗಲ್ಲಾದಲ್ಲಿ ದುಡ್ಡು ಕಡಿಮೆಯಾಗುತ್ತಿದ್ದರೆ ಬಿಲ್ ರದ್ದು ಮಾಡಿದ ಪಟ್ಟಿ ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲೇ ಇರುತ್ತದೆ, ಅದನ್ನು ನೋಡಿ.

ಪ್ರಶ್ನೆ: ಅಕ್ಕಾ, ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಹೋಮ್‌ಸ್ಟೇ. ಆಫೀಸ್ ಕಂಪ್ಯೂಟರ್ ಬುಕಿಂಗ್‌ಗೆ ಅಂತ ರಾತ್ರಿಯೂ ಆನ್ ಇರುತ್ತದೆ. ಮಗ ಲಾಗ್ ತೆಗೆದು ಎಕ್ಸ್‌ಎಂಎಲ್ ಎಂಬ ಕಚ್ಚಾ ರೂಪದಲ್ಲಿ ನೋಡಿದ. 20:47ಕ್ಕೆ 4624 ಇದೆ. ಆ ಹೊತ್ತಿಗೆ ನಾವೆಲ್ಲಾ ಊಟಕ್ಕೆ ಬಡಿಸುತ್ತಿದ್ದೆವು. ಮೈಸೂರಿನಿಂದ ಬಂದಿದ್ದ ಒಬ್ಬರು ಮಾತ್ರ ಊಟದ ಮಧ್ಯೆ ಎದ್ದು ಆಫೀಸ್ ಕಡೆ ಹೋಗಿದ್ದರು. ಅವರ ಮೇಲೆ ಅನುಮಾನ. ಹೆಸರಿನ ಜಾಗದಲ್ಲಿ ‘ಸಿಸ್ಟಂ’ ಅಂತಿದೆ, ಟೈಪ್ 5.

ಉತ್ತರ: ತಂಗೀ, ಸ್ವಲ್ಪ ತಡಿ. ಎಕ್ಸ್‌ಎಂಎಲ್‌ನಲ್ಲಿ ಕಾಣುವ ಸಮಯ ನಮ್ಮದಲ್ಲ. ಕೊನೆಯಲ್ಲಿ ಝಡ್ ಅಕ್ಷರ ಇದೆ ನೋಡು, ಅದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ. ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. 20:47 ಅಂದರೆ ನಮ್ಮ ಲೆಕ್ಕದಲ್ಲಿ ಬೆಳಗಿನ ಜಾವ 2:17. ಪಕ್ಕದ ಜನರಲ್ ಟ್ಯಾಬ್‌ನಲ್ಲಿ ನೋಡಿದ್ದರೆ ಸರಿಯಾಗಿಯೇ ಕಾಣುತ್ತಿತ್ತು. ಇನ್ನು, ಟೈಪ್ 5 ಅಂದರೆ ಮನುಷ್ಯರೇ ಅಲ್ಲ. ವಿಂಡೋಸ್‌ನ ಯಾವುದೋ ಸರ್ವೀಸ್ ತಾನಾಗಿ ಶುರುವಾದದ್ದು. ‘ಸಿಸ್ಟಂ’ ಅಂದರೂ ವಿಂಡೋಸೇ. ಇಂಥವು ದಿನಕ್ಕೆ ಬೇಕಾದಷ್ಟು ಬೀಳುತ್ತವೆ.

ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಹಿಂದಕ್ಕೆ ಓಡುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿದೆ. ಸಿಆರ್ 2032 ಅಂತ ಕೇಳಿದರೆ ಕೊಡುತ್ತಾರೆ. ಸಮಯ ತಪ್ಪಿದ ಲಾಗ್ ಇಟ್ಟುಕೊಂಡು ಯಾರನ್ನೂ ವಿಚಾರಿಸಲು ಹೋಗಬೇಡ.

ಮೈಸೂರಿನವರು ಕೈ ತೊಳೆಯಲು ಹೋಗಿದ್ದರೇನೋ. ಅವರಿಗೆ ಇನ್ನೂ ಏನೂ ಅಂದಿಲ್ಲ ತಾನೆ? ಅಂದಾಗಿದ್ದರೆ ಫೋನ್ ಮಾಡಿ ವಿಷಯ ಹೇಳು, ನಿಮ್ಮ ತೋಟದ ಕಾಫಿ ಪುಡಿ ಅರ್ಧ ಕೆಜಿ ಕಳಿಸು. ಚಿಕೋರಿ ಹಾಕದ್ದು.